ಚೀನಾದಲ್ಲಿ ಕೇಳಿದ ಶುದ್ಧ ಕನ್ನಡ

ಒಣಮೆಣಸಿನಕಾಯಿಯ ತೊಟ್ಟು ಮುರಿಯುವ ಯಂತ್ರ ಮಾಡಿಸಲು ರೋಣದಿಂದ ಚೀನಾಕ್ಕೆ ಹೋದ ಮೊದಲ ಮಹಾಪುರುಷ ನಾನೇ ಇರಬೇಕು. ಗಜೇಂದ್ರಗಡದಲ್ಲಿ ಸಿಕ್ಕ ಯಂತ್ರ ನಮ್ಮ ಸುಕ್ಕುಗಾಯಿಯನ್ನು ತೊಟ್ಟಿನ ಸಮೇತ ಪುಡಿ ಮಾಡಿತ್ತು. ನರಗುಂದದ ಮೆಕ್ಯಾನಿಕ್ ಕೈ ಮುಗಿದಿದ್ದ. ಸುಗ್ಗಿಯುದ್ದಕ್ಕೂ ತೊಟ್ಟು ಮುರಿಯುವವಳು ನನ್ನ ಹೆಂಡತಿ. ಸಂಜೆ ಎಷ್ಟು ತೊಳೆದರೂ ಅವಳ ಬೆರಳಿನ ಉರಿ ಹೋಗುವುದಿಲ್ಲ. ಮೊಮ್ಮಗಳ ಕೆನ್ನೆ ಮುಟ್ಟಲು ಹೆದರುತ್ತಾಳೆ. "ಮುಂದಿನ ಸುಗ್ಗಿಗೆ ನಿನಗ ಈ ಕೆಲಸಿಲ್ಲ" ಎಂದು ಬೀಗರೆದುರೇ ಮಾತು ಕೊಟ್ಟು ಕೂತಿದ್ದೆ.

ಮೂರು ತಿಂಗಳು ಚೀನೀ ಭಾಷೆ ಕಲಿತಿದ್ದೆ. ಅಲ್ಲಿ ನಾನು ಬಾಯಿ ತೆರೆದರೆ ಜನ, ಮಾತಾಡಿದವರು ಯಾರೆಂದು ನನ್ನ ಹಿಂದೆ ಹುಡುಕುತ್ತಿದ್ದರು. ಹಾಗಾಗಿ ಮೊಬೈಲೇ ದುಭಾಷಿ. ಅದರ ಕನ್ನಡವೋ, ತಾಮ್ರಪಟಕ್ಕೆ ಯೋಗ್ಯ! "ತಾವು ಭೋಜನ ಸ್ವೀಕರಿಸಿದಿರಾ?" ಎಂದು ನಾನು ಇಳಿದುಕೊಂಡಿದ್ದ ಲಾಜಿನ ಅಜ್ಜಿ ದಿನಾ ಕೇಳುವಳು. ನಾನು ಏನು ತಿಂದೆ, ಎಷ್ಟು ಬಿಟ್ಟೆ, ಹೊಟ್ಟೆ ಹೇಗಿದೆ ಎಲ್ಲ ವರದಿ ಒಪ್ಪಿಸುತ್ತಿದ್ದೆ. ಅದು ನಮ್ಮ "ಊಟಾತೇನ್ರಿ?" ಎಂದು ತಿಳಿಯಲು ಮೂರು ದಿನ ಬೇಕಾಯಿತು. ಹೊರಟಾಗ "ನಿಧಾನವಾಗಿ ಸಂಚರಿಸಿರಿ" ಎಂದರೆ ನನ್ನ ಮೊಣಕಾಲು ನೋವು ಇವಳಿಗೆ ಹೇಗೆ ಗೊತ್ತಾಯಿತೆಂದು ಬೆರಗಾದೆ. ನಮ್ಮ "ಸಾವಕಾಶ ಹೋಗ್ರಿ" ಅಷ್ಟೆ.

ಇಂಥ ಪಂಡಿತನಾದ ನಾನು ಯಂತ್ರದ ಕಾರ್ಖಾನೆಗೆ ಹೋದೆ. ಮಾಲೀಕ ಚಹಾ ಕೊಟ್ಟ, ಕಾಯಿ ನೋಡಿದ, ನಕ್ಕ. ಮೊಬೈಲು ನುಡಿಯಿತು: "ಈ ವಿಷಯವನ್ನು ಪರಿಶೀಲಿಸೋಣ." ಮರುದಿನ, "ಆಳವಾಗಿ ಪರಿಶೀಲಿಸೋಣ." ಅದರ ಮರುದಿನ, "ಇನ್ನೂ ಆಳವಾಗಿ." ಆಳ ಹೆಚ್ಚಿದಂತೆಲ್ಲ ನನ್ನ ಎದೆ ಉಬ್ಬಿತು. ಮನೆಗೆ ಫೋನು ಹಚ್ಚಿ ಕೆಲಸ ಆದಂತೆಯೇ ಎಂದು ಹೆಂಡತಿಗೆ ಹೇಳಿದೆ.

"ಅಂವಾ ಏನಂದಾ, ಖರೇ ಹೇಳ್ರಿ."

"ಆಳವಾಗಿ ಪರಿಶೀಲಿಸೋಣ ಅಂದಾ."

"ನಮ್ಮ ಮಾತಿನ್ಯಾಗ ಹೇಳ್ರಿ."

ಹೇಳಹೋದೆ. "ನೋಡೂಣು... ಅಂದಾ."



"ಜಕ್ಕಲಿಯವರು ನಮ್ಮ ಎತ್ತು ಕೇಳಾಕ ಬಂದಾಗ ನೀವೇನಂದಿದ್ರಿ?"

"ನೋಡೂಣು ಅಂದಿದ್ದೆ."

"ಕೊಟ್ರೇನು?"

"ಇಲ್ಲ."

"ಅವರು ತಿರುಗಿ ಬಂದ್ರೇನು?"

"ಇಲ್ಲ. ತಿಳದ ಮಂದಿ."

"ಮತ್ತ ನೀವು ಮೂರು ದಿನ ಯಾಕ ಹೋದ್ರಿ?"

ನಲವತ್ತು ವರ್ಷ ಇದೇ ಒಂದು ಮಾತಿನಿಂದ ಜನರನ್ನು ಹೊಸ್ತಿಲಿಂದ ಹಿಂದೆ ಕಳಿಸಿದವನು, ಅದು ಮಡಿ ಉಟ್ಟು ಬಂದದ್ದಕ್ಕೆ ಗುರುತು ಹಿಡಿಯದೆ ಕೈ ಮುಗಿದಿದ್ದೆ.

ನಾಲ್ಕನೆಯ ದಿನ ಮಾಲೀಕನಿಗೆ ಹೇಳಿದೆ: "ನಮ್ಮೂರಾಗೂ ಹಿಂಗ ಅಂತೀವ್ರಿ. ಆಗೂದಿಲ್ಲ ಅನ್ರಿ, ನನಗ ಸಿಟ್ಟಿಲ್ಲ." ಮೊಬೈಲು ಅದನ್ನು ಏನು ಮಾಡಿತೋ, ಅವನ ಕಿವಿ ಕೆಂಪಾದವು. ಒಂದೇ ಯಂತ್ರ ಮಾಡುವುದು ಅವನಿಗೆ ಗಿಟ್ಟುವುದಿಲ್ಲವಂತೆ. ಎದುರಿನ ಶೆಡ್ಡು ತೋರಿಸಿದ. ಅಲ್ಲೊಬ್ಬ ಮುದುಕ ಮೆಕ್ಯಾನಿಕ್. "ಅವರ ವಾಕ್‌ಶುದ್ಧಿ ಉತ್ತಮವಾಗಿಲ್ಲ" ಎಂದು ಎಚ್ಚರಿಸಿದ.

ಮುದುಕ ಕಾಯಿ ಮೂಸಿದ, ಸೀನಿದ. "ಸಾಧ್ಯವಿಲ್ಲ" ಎಂದ. ನಿಂತೇ ಇದ್ದೆ. "ಸಾಧ್ಯವಿಲ್ಲ!" ನಾನು ಮೂಲೆಗೆ ಸರಿದು ಫೋನು ಹಚ್ಚಿದೆ.

"ಇಲ್ಲೊಬ್ಬ ಮುದುಕ ಮಾರಿಗೆ ಹೊಡದಂಗ ಆಗೂದಿಲ್ಲ ಅಂತಾನ."

"ಅವನ ಕೈಯಾಗ ಏನೈತಿ?"

ತಿರುಗಿ ನೋಡಿದೆ. "ಅಳತಿಪಟ್ಟಿ. ತೊಟ್ಟು ಅಳ್ಯಾಕತ್ತಾನ."

"ಹಂಗಾರ ಅಲ್ಲೇ ಕುಂದರ್ರಿ. ಎಬ್ಬಿಸಿದ್ರೂ ಏಳಬ್ಯಾಡ್ರಿ."

ಮುದುಕ ಕಾಲಿನಿಂದ ಒಂದು ಸ್ಟೂಲು ನನ್ನತ್ತ ದೂಡಿ, "ಸಾಧ್ಯವಿಲ್ಲ" ಎನ್ನುತ್ತ ಇನ್ನೊಂದು ಕಾಯಿ ಕೇಳಿದ.