ಎರಡು ಮಧ್ಯಾಹ್ನಗಳ ನಡುವೆ

ನನ್ನ ಭಾವನವರಿಗೆ ನಾಲ್ಕು ತಿಂಗಳು. ಹುಟ್ಟಿದ ಲೆಕ್ಕದಲ್ಲಿ ನನಗಿಂತ ದೊಡ್ಡವರು, ನನ್ನ ಗಂಡನಿಗೆ ಸ್ವಂತ ಅಣ್ಣ. ಆದರೆ ನಾಲ್ಕು ತಿಂಗಳಿಗೇ ನಿಂತುಬಿಟ್ಟರು. ಮದುವೆಯಾಗಿ ಅಮೆರಿಕದ ಡಿಯರ್‌ಬಾರ್ನ್‌ಗೆ ಬಂದ ಹೊಸತರಲ್ಲಿ ಅತ್ತೆ ಈ ವಿಷಯ ಹೇಳಿದಾಗ ನಾನು ಅಪ್ಪಿತಪ್ಪಿ "ಪಾಪ, ಆ ಮಗು" ಎಂದೆ. ಅತ್ತೆ ತಕ್ಷಣ ತಿದ್ದಿದರು. "ಮಗು ಏನೇ? ನಿಂಗೆ ಭಾವ ಆಗ್ಬೇಕು." ಅವತ್ತಿನಿಂದ ನಾನು ಅವರನ್ನು ಏಕವಚನದಲ್ಲಿ ಕರೆದದ್ದಿಲ್ಲ.

ಅರವತ್ತರ ದಶಕದ ಶುರುವಿನಲ್ಲಿ ಮಾವನವರಿಗೆ ಆನ್ ಆರ್ಬರ್‌ನಲ್ಲಿ ಓದಲು ಸೀಟು ಸಿಕ್ಕಿತ್ತು. ಮಂಡ್ಯದ ಕಡೆಯಿಂದ ಗಂಡ, ಹೆಂಡತಿ, ಕೈಗೂಸು ಮೂವರೂ ಹೊರಟರು. ಮುಂಬಯಿಯಿಂದ ಇಂಗ್ಲೆಂಡಿಗೆ ಒಂದು ಹಡಗು, ಅಲ್ಲಿಂದ ನ್ಯೂಯಾರ್ಕಿಗೆ ಇನ್ನೊಂದು. ಮೊದಲ ಹಡಗಿನ ಮೂರು ವಾರ ಭಾವನವರಿಗೆ ಒಂದು ಸೀನೂ ಬರಲಿಲ್ಲವಂತೆ. ಎರಡನೆಯದು ಬರೀ ಆರು ದಿನದ ಪ್ರಯಾಣ. ಮೂರನೆಯ ದಿನ ಭಾವನವರಿಗೆ ಜ್ವರ ಬಂತು, ನಾಲ್ಕನೆಯ ದಿನ ಸಂಜೆ ಹೋಗಿಬಿಟ್ಟರು.

ಹಡಗಿನ ಡಾಕ್ಟರು ಅತ್ತೆಗೆ ನಿದ್ದೆ ಬರುವ ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಬೆಳಗಾಗುವ ಹೊತ್ತಿಗೆ ಅವರಿಗೆ ಎಚ್ಚರವಾದದ್ದು ಸದ್ದಿನಿಂದಲ್ಲ, ಸದ್ದು ನಿಂತದ್ದರಿಂದ. ಹತ್ತಿದ ದಿನದಿಂದ ಮಂಚದ ಕಾಲಿನಲ್ಲಿ, ಗೋಡೆಯಲ್ಲಿ, ಹಲ್ಲಿನಲ್ಲಿ ಇದ್ದ ಇಂಜಿನ್ನಿನ ನಡುಕ ಇದ್ದಕ್ಕಿದ್ದಂತೆ ಇಲ್ಲವಾಗಿತ್ತು. ಐದು ನಿಮಿಷವೋ ಹತ್ತು ನಿಮಿಷವೋ. ಮತ್ತೆ ನಡುಕ ಶುರುವಾಯಿತು. ಆಮೇಲೆ ಮಾವ ಒದ್ದೆ ಮುಖದಲ್ಲಿ ಒಳಗೆ ಬಂದು ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಭಾವನವರನ್ನು ಸಮುದ್ರಕ್ಕೆ ಬಿಟ್ಟದ್ದರ ಬಗ್ಗೆ ಅಷ್ಟೇ ಅತ್ತೆಗೆ ಗೊತ್ತಿದ್ದದ್ದು.

ನಮ್ಮ ಕಡೆ ಹಸುಗೂಸುಗಳನ್ನು ಸುಡುವುದಿಲ್ಲ, ಹೂಳುತ್ತಾರೆ. ಮೂರನೆಯ ದಿನ ಆ ಗುಡ್ಡೆಯ ಮೇಲೆ ಹಾಲುತುಪ್ಪ ಬಿಡಬೇಕು. ಬಿಡದಿದ್ದರೆ ಹೋದವರು ಹಸಿದಿರುತ್ತಾರೆ ಎಂಬ ನಂಬಿಕೆ. ಭಾವನವರ ಮೂರನೆಯ ದಿನ ಅತ್ತೆ ಮಾವ ಮಿಷಿಗನ್ನಿನ ಬಸ್ಸಿನಲ್ಲಿದ್ದರು. ಗುಡ್ಡೆ ಎಲ್ಲಿಂದ ತರುವುದು?

ಕೆಲವು ವರ್ಷ ಕಳೆದು ಮೊದಲ ಸಲ ವಿಮಾನದಲ್ಲಿ ಊರಿಗೆ ಹೋಗಿಬಂದರಂತೆ. ಹೋಗುವಾಗ ಕತ್ತಲು, ಏನೂ ಕಾಣದು. ಬರುವಾಗ ಪೂರ್ತಿ ಹಗಲು. ಅರ್ಧ ದಾರಿ ಕಳೆದ ಮೇಲೆ ಮಾವ ಕಿಟಕಿಯತ್ತ ಬಗ್ಗಿ, "ಇಲ್ಲೇ ಕಣೆ" ಎಂದರು. ಅತ್ತೆ ಕಾಫಿಯ ಜೊತೆ ಕೊಟ್ಟಿದ್ದ ಪುಟ್ಟ ಹಾಲಿನ ಕಪ್ಪಿನ ಮುಚ್ಚಳ ಕಿತ್ತು ಕಿಟಕಿಯ ಪಕ್ಕ ಇಟ್ಟರು. ಅಲ್ಲಿಂದಾಚೆಗೆ ಪ್ರತಿ ಸಲವೂ ಹಾಗೆಯೇ. ಮಾವ "ಇಲ್ಲೇ" ಅನ್ನಬೇಕು, ಅತ್ತೆ ಹಾಲಿಡಬೇಕು. ಅತ್ತೆಗೆ ಕಿಟಕಿಯ ಸೀಟೇ ಬೇಕು ಎಂಬ ಹಟ ಯಾಕೆ ಎಂದು ನನ್ನ ಗಂಡನಿಗೆ ಮೂವತ್ತೈದು ವರ್ಷವಾಗುವವರೆಗೂ ಗೊತ್ತಿರಲಿಲ್ಲ. ಹೆದರಿಕೆ ಎಂದುಕೊಂಡಿದ್ದನಂತೆ ಮಹಾರಾಯ.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಚಳಿಗಾಲ ಮಾವ ಹೃದಯಾಘಾತವಾಗಿ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದು, ಬಂದವರೆಲ್ಲ ಹೋದ ಮೇಲೆ ಅತ್ತೆ ಅಡುಗೆಮನೆಯಲ್ಲಿ ನನ್ನ ಪಕ್ಕ ಬಂದು ನಿಂತರು.

"ಅವರು ಹೇಳ್ತಿದ್ರು. ಇನ್ಮೇಲೆ ಎಲ್ಲಿ ಅಂತ ಯಾರು ಹೇಳ್ತಾರೆ ನಂಗೆ?"

ನಾನು ಆಗ ಊರಿನ ಸಾರ್ವಜನಿಕ ಲೈಬ್ರರಿಯಲ್ಲಿ ಅರೆಹೊತ್ತಿನ ಕೆಲಸ ಮಾಡುತ್ತಿದ್ದೆ. ನಮ್ಮಲ್ಲಿ ಇಲ್ಲದ ಪುಸ್ತಕವನ್ನು ಬೇರೆ ಊರಿನ ಲೈಬ್ರರಿಯಿಂದ ತರಿಸಿಕೊಡುವುದೇ ನನ್ನ ಕೆಲಸ. ಜಂಬದಿಂದ ಹೇಳಿಬಿಟ್ಟೆ, "ನಾನು ಹುಡುಕಿಕೊಡ್ತೀನಿ ಅತ್ತೆ." ಆ ಬಾಯನ್ನು ಆಮೇಲೆ ಎಷ್ಟು ಸಲ ಶಪಿಸಿಕೊಂಡೆನೋ.

ಹಡಗಿನ ಹೆಸರು ಅತ್ತೆಗೆ ನೆನಪಿತ್ತು. ಅದರ ಬೆನ್ನು ಹತ್ತಿ ಹೋದರೆ ಒಂದು ಕಂಪನಿಯ ಇಡೀ ವಂಶಾವಳಿ ಕೈಗೆ ಬಂತು. ಮೊದಮೊದಲು ಯುರೋಪಿನ ಬಡವರನ್ನು ಕೆಳಗಿನ ಅಂತಸ್ತಿನಲ್ಲಿ ತುಂಬಿಕೊಂಡು ಅಮೆರಿಕಕ್ಕೆ ಇಳಿಸುತ್ತಿದ್ದ ಕಂಪನಿ. ಮೇಲಿನ ಅಂತಸ್ತಿನಲ್ಲಿ ಸಾಹುಕಾರರಿಗೆ ಪಿಯಾನೋ, ಈಜುಕೊಳ, ಏಳು ಬಗೆಯ ಊಟ. ಯುದ್ಧಗಳಲ್ಲಿ ಅವೇ ಹಡಗುಗಳಿಗೆ ಬೂದಿ ಬಣ್ಣ ಬಳಿದು ಸೈನಿಕರನ್ನು ಸಾಗಿಸಿದರು. ಎರಡನೆಯ ಯುದ್ಧ ಮುಗಿದ ಮೇಲೆ ಒಂದೇ ಅಚ್ಚಿನ ಮೂರು ಹೊಸ ಹಡಗು ಕಟ್ಟಿಸಿದರು. ನಾನು ಅವಕ್ಕೆ ದೊಡ್ಡವಳು, ನಡುವಿನವಳು, ಕಿರಿಯವಳು ಎನ್ನುತ್ತಿದ್ದೆ. ಅತ್ತೆ ಮಾವ ಬಂದದ್ದು ನಡುವಿನವಳಲ್ಲಿ.

ಮೂವರಿಗೂ ಬಾಳುವ ಯೋಗವಿರಲಿಲ್ಲ. ನೀರಿಗಿಳಿದು ಹತ್ತು ವರ್ಷವೂ ತುಂಬಿರಲಿಲ್ಲ, ಜೆಟ್ ವಿಮಾನಗಳು ಬಂದವು. ಆರು ದಿನದ ದಾರಿ ಏಳು ಗಂಟೆಗೆ ಇಳಿಯಿತು. ಅರ್ಧ ಖಾಲಿ ಕೋಣೆಗಳನ್ನು ಹೊತ್ತುಕೊಂಡು ಹಡಗುಗಳು ಸುಮ್ಮನೆ ಅತ್ತಿತ್ತ ಓಡಾಡಿದವು. ಆಮೇಲೆ ಅವಕ್ಕೆ ಬಿಳಿ ಬಣ್ಣ ಬಳಿದು ಬಿಸಿಲಿನ ದ್ವೀಪಗಳಿಗೆ ಮೋಜಿನ ಪ್ರವಾಸಕ್ಕೆ ಅಟ್ಟಿದರು. ದೊಡ್ಡವಳು ರಿಪೇರಿಗೆಂದು ನಿಂತಲ್ಲೇ ಬೆಂಕಿ ಬಿದ್ದು ಸುಟ್ಟುಹೋದಳು. ಕಿರಿಯವಳನ್ನು ಯಾವುದೋ ಬಂದರಿನಲ್ಲಿ ಕಟ್ಟಿಹಾಕಿ ಹೋಟೆಲು ಮಾಡಿದರು, ಅದೂ ನಡೆಯಲಿಲ್ಲ. ಕಂಪನಿಯೇ ಕೈಯಿಂದ ಕೈಗೆ ಹೋಗಿ ಕೊನೆಗೆ ಹೆಸರೂ ಉಳಿಯಲಿಲ್ಲ. ನಡುವಿನವಳು ನಾಲ್ಕು ಸಲ ಹೆಸರು ಬದಲಿಸಿಕೊಂಡು, ನಾನು ಹುಡುಕಲು ಶುರು ಮಾಡುವ ಸ್ವಲ್ಪ ಮೊದಲು, ಗುಜರಾತಿನ ಅಲಂಗ್ ತೀರಕ್ಕೆ ಬಂದಿದ್ದಳು. ಉಬ್ಬರದ ನೀರಿನಲ್ಲಿ ಮರಳಿನ ಮೇಲೆ ಹತ್ತಿಸಿ, ಜನ ಗ್ಯಾಸ್ ಕಟರ್ ಹಿಡಿದು ಅವಳನ್ನು ತುಂಡು ತುಂಡು ಮಾಡಿದ ಫೋಟೋ ಲೈಬ್ರರಿಯ ಕಂಪ್ಯೂಟರಿನಲ್ಲಿ ಮೇಲಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಬಿಚ್ಚಿಕೊಂಡಿತು. ನಾನು ಬಾಯಿಗೆ ಕೈ ಇಟ್ಟುಕೊಂಡು ನೋಡಿದೆ.

ಅತ್ತೆಗೆ ಹೇಳಿದೆ. ಅವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಹೋಗ್ಲಿ ಬಿಡು. ಅದಕ್ಕಾದ್ರೂ ನಮ್ಮೂರಿನ ಮಣ್ಣು ಸಿಕ್ತು."

ನನಗೆ ಆ ಹಡಗಿನ ಮೇಲೆ ಹೊಟ್ಟೆಯುರಿ ಬಂತು. ನಮ್ಮವರನ್ನು ನಡುನೀರಿನಲ್ಲಿ ಬಿಟ್ಟು ಇವಳು ಮಾತ್ರ ನಮ್ಮ ದೇಶಕ್ಕೆ ಬಂದು ಸತ್ತಳಲ್ಲ ಎಂದು. ಕಬ್ಬಿಣದ ಮೇಲೆ ಸಿಟ್ಟು ಮಾಡಿಕೊಂಡು ಏನು ಬಂತು?

ಹಡಗಿನ ಕತೆಯೇನೋ ಸಿಕ್ಕಿತು, ಜಾಗ ಸಿಗಲಿಲ್ಲ. ಸಮುದ್ರದಲ್ಲಿ ತೀರಿಹೋದವರ ವಿವರ, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದೆಲ್ಲ, ಕ್ಯಾಪ್ಟನ್ನಿನ ದಿನಚರಿ ಪುಸ್ತಕದಲ್ಲಿ ಬರೆದಿರುತ್ತದೆ. ಇಂಗ್ಲೆಂಡಿಗೆ ಪತ್ರ ಬರೆದೆ. ತುಂಬಾ ವಿನಯದ ಉತ್ತರ ಬಂತು. ಜಾಗ ಸಾಲದೆ ಕೆಲವು ಪುಸ್ತಕಗಳನ್ನು ಮಾತ್ರ ಉಳಿಸಿಕೊಂಡಿದ್ದಾರೆ, ನೀವು ಕೇಳಿದ್ದು ಉಳಿದವುಗಳಲ್ಲಿಲ್ಲ, ವಿಷಾದಿಸುತ್ತೇವೆ. ನಾನೂ ಲೈಬ್ರರಿಯವಳೇ. ಜಾಗ ಸಾಲದೆ ಎಷ್ಟು ಪುಸ್ತಕ ನನ್ನ ಕೈಯಿಂದಲೇ ಕಸಕ್ಕೆ ಹೋಗಿವೆಯೋ. ಯಾರನ್ನು ಬೈಯಲಿ?

ಇಂಟರ್‌ನೆಟ್ಟಿನಲ್ಲಿ ಹಳೆಯ ಹಡಗುಗಳ ಹುಚ್ಚು ಹತ್ತಿದವರ ಗುಂಪೊಂದಿತ್ತು. ಅದರಲ್ಲಿದ್ದ, ಸ್ಕೋಕಿ ಎಂಬ ಊರಿನ ಒಬ್ಬ ನಿವೃತ್ತ ಅಂಚೆ ನೌಕರರು, "ನನ್ನ ಬಳಿ ಏನೋ ಇರಬಹುದು, ಬನ್ನಿ" ಎಂದು ಬರೆದರು. ಶನಿವಾರ ಬೆಳಿಗ್ಗೆ ಚಪಾತಿ ಸುತ್ತಿಕೊಂಡು ಒಬ್ಬಳೇ ಹೊರಟೆ. ಹೋಗುತ್ತ ಸುಮಾರು ಮುನ್ನೂರು ಮೈಲಿ, ಗ್ಯಾರಿ ಊರಿನ ಹತ್ತಿರ ರಸ್ತೆ ರಿಪೇರಿ ಬೇರೆ.

ಅವರ ನೆಲಮಾಳಿಗೆ ತುಂಬ ಆ ಕಂಪನಿಯೇ. ಊಟದ ಪಟ್ಟಿ, ಸಿಗರೇಟಿನ ಬೂದಿ ತಟ್ಟೆ, ಸೋಪಿನ ಹೊದಿಕೆ, ಬೆಡ್‌ಶೀಟು. ಒಂದೊಂದನ್ನೂ ಎತ್ತಿ ತೋರಿಸಿ ಕತೆ ಹೇಳುವುದರಲ್ಲಿ ಎರಡು ಗಂಟೆ ಕಳೆಯಿತು. ಬೂದಿ ತಟ್ಟೆಗೆ ಈ ಪಾಟಿ ಮಡಿ ಮಾಡುವವರನ್ನು ನಾನು ಎಲ್ಲೂ ನೋಡಿಲ್ಲ. ಕೊನೆಗೆ ನಾನು ಯಾಕೆ ಬಂದೆ ಎಂದು ಮೊದಲಿನಿಂದ ಹೇಳಿದೆ. ಅವರು ಒಂದು ಬೂಟಿನ ಡಬ್ಬ ತಂದು ಮಂಡಿಯ ಮೇಲಿಟ್ಟುಕೊಂಡು ಕಾರ್ಡುಗಳನ್ನು ಸರಿಸುತ್ತ ಹೋದರು.

ಪ್ರಯಾಣ ಮುಗಿಯುವ ಹಿಂದಿನ ಸಂಜೆ ಪ್ರತಿಯೊಬ್ಬ ಪ್ರಯಾಣಿಕನಿಗೂ ಕಂಪನಿ ಒಂದು ಕಾರ್ಡು ಅಚ್ಚು ಹಾಕಿಸಿ ಕೊಡುತ್ತಿತ್ತಂತೆ, ನೆನಪಿಗೆ. ಅದರಲ್ಲಿ ದಿನಕ್ಕೊಂದು ಸಾಲು. ಮಧ್ಯಾಹ್ನ ಹನ್ನೆರಡಕ್ಕೆ ಹಡಗು ಯಾವ ಅಕ್ಷಾಂಶ, ರೇಖಾಂಶದಲ್ಲಿತ್ತು, ಹಿಂದಿನ ಮಧ್ಯಾಹ್ನದಿಂದ ಎಷ್ಟು ದೂರ ಬಂತು, ಹವೆ ಹೇಗಿತ್ತು. ಹಡಗಿನವರ ಪಾಲಿಗೆ ದಿನ ಅಂದರೆ ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ. ಅತ್ತೆ ಹೇಳಿದ ತಿಂಗಳು, ನ್ಯೂಯಾರ್ಕ್ ಮುಟ್ಟಿದ ದಿನ ಎರಡೂ ಕೂಡುವ ಕಾರ್ಡು ಸಿಕ್ಕಿತು.

ನಾಲ್ಕನೆಯ ದಿನದ ಮಧ್ಯಾಹ್ನ ಒಂದು ಕಡೆ. ಐದನೆಯ ದಿನದ ಮಧ್ಯಾಹ್ನ ಇನ್ನೊಂದು ಕಡೆ. ನಡುವಿನ ಬೆಳಗಿನ ಜಾವ ಯಾವ ಸಾಲಿನಲ್ಲೂ ಇಲ್ಲ. ಐದನೆಯ ದಿನದ ಮುಂದೆ, "ತಿಳಿಯಾದ ಹವೆ, ಶಾಂತ ಸಮುದ್ರ" ಎಂದಿತ್ತು. ಎರಡು ಮಧ್ಯಾಹ್ನಗಳ ನಡುವಿನ ದೂರ ಹೆಚ್ಚುಕಡಿಮೆ ನಮ್ಮ ಮನೆಯಿಂದ ಸ್ಕೋಕಿಗೆ ಬಂದು ವಾಪಸು ಹೋದಷ್ಟು. ಅಷ್ಟುದ್ದದ ನೀರಿನಲ್ಲಿ, ಹೆದ್ದಾರಿಯಿಂದ ಇಳಿದ ಹಾಗೆ, ಯಾವ ಎಕ್ಸಿಟ್ ತೆಗೆದುಕೊಳ್ಳಲಿ ನಾನು?

ಅಂಚೆಯವರು ಭೂಪಟ ಹರಡಿ ಸ್ಕೇಲಿಟ್ಟು ಎರಡು ಚುಕ್ಕೆ ಹಾಕಿದರು. ನಾನು ನಮ್ಮ ವಿಮಾನದ ದಾರಿ ಕೇಳಿದೆ. ಆಮ್‌ಸ್ಟರ್‌ಡ್ಯಾಮಿನಿಂದ ಡೆಟ್ರಾಯಿಟ್. ಅವರು ತೋರುಬೆರಳನ್ನು ಎಷ್ಟೋ ಮೇಲಕ್ಕೆ ಒಯ್ದು, ಗ್ರೀನ್‌ಲ್ಯಾಂಡಿನ ಮೇಲೆ ಬಾಗಿಸಿ ಇಳಿಸಿದರು. ಚುಕ್ಕೆಗಳಿಗೂ ಆ ಬೆರಳಿಗೂ ಸಾವಿರ ಮೈಲಿಗೂ ಮಿಕ್ಕಿ ಅಂತರ.

ಅತ್ತೆ ಮೂವತ್ತು ವರ್ಷ ಹಾಲಿಟ್ಟದ್ದು ಮಂಜುಗಡ್ಡೆಗೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಮಾವನವರ ಮೇಲೆ ಸಿಟ್ಟು ಕುದಿಯಿತು. ಅವರು ಇಂಜಿನಿಯರು, ಭೂಪಟ ಓದಲು ಬಾರದವರೇನಲ್ಲ. ಆ ಕಾರ್ಡು ಅವರ ಕೈಗೂ ಬಂದಿರಲೇಬೇಕು. ಗೊತ್ತಿದ್ದೂ ಪ್ರತಿ ಸಲ "ಇಲ್ಲೇ ಕಣೆ" ಅನ್ನಲು ಹೇಗೆ ಬಾಯಿ ಬಂತು? ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನು ಇಲ್ಲೇ ಹುಟ್ಟಿ ಬೆಳೆದವನು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರ. "ಜಸ್ಟ್ ಟೆಲ್ ಹರ್ ಸಮ್‌ಥಿಂಗ್" ಎಂದ. ಏನಾದರೂ ಒಂದು ಹೇಳಿಬಿಡು. ಅವನ ಮೇಲೂ ರೇಗಿದೆ. ಅತ್ತೆಗೆ ಮಾತ್ರ, "ಇನ್ನೂ ಹುಡುಕ್ತಾ ಇದೀನಿ" ಎಂದೆ. ಹಾಗೆನ್ನುತ್ತಲೇ ಮೂರು ವರ್ಷ ಕಳೆದೆ. ಕಾರ್ಡಿನ ಜೆರಾಕ್ಸು ನನ್ನ ಪರ್ಸಿನಲ್ಲೇ ಇತ್ತು.

ಅಷ್ಟರಲ್ಲಿ ಅತ್ತೆಯ ಕಿಡ್ನಿ ಕೈಕೊಟ್ಟಿತು. ಆನ್ ಆರ್ಬರ್‌ನ ಡಾಕ್ಟರು, ಇಂಡಿಯಾಗೆ ಹೋಗುವುದಿದ್ದರೆ ಈಗಲೇ ಹೋಗಿಬನ್ನಿ, ಡಯಾಲಿಸಿಸ್ ಶುರುವಾದ ಮೇಲೆ ಇಷ್ಟು ದೂರದ ಪ್ರಯಾಣ ಬೇಡ ಎಂದರು. ಜೊತೆಗೆ ನಾನು ಹೋದೆ. ಊರಿನಲ್ಲಿ ಎಲ್ಲರನ್ನೂ ಮಾತಾಡಿಸಿಕೊಂಡು ವಾಪಸು ಹೊರಟಾಗ ಅದೇ ಅವರ ಕೊನೆಯ ವಿಮಾನ ಎಂದು ಇಬ್ಬರಿಗೂ ಗೊತ್ತಿತ್ತು.

ಆಮ್‌ಸ್ಟರ್‌ಡ್ಯಾಮ್ ಬಿಟ್ಟ ಮೇಲೆ ಅತ್ತೆ ಕಣ್ಣು ಮುಚ್ಚಲಿಲ್ಲ. ಊಟ ಬಂತು, ಮುಟ್ಟಲಿಲ್ಲ. ಮುಂದಿನ ಸೀಟಿನ ಬೆನ್ನಿಗಿದ್ದ ಪುಟ್ಟ ಪರದೆಯಲ್ಲಿ ನಮ್ಮ ವಿಮಾನ ಇರುವೆಯ ಹಾಗೆ ಹರಿಯುತ್ತಿತ್ತು. ಕಾಫಿ ಬಂದಾಗ ಹಾಲಿನ ಕಪ್ಪು ಎತ್ತಿಟ್ಟುಕೊಂಡರು. ಗಂಟೆ ಕಳೆಯಿತು. ಇನ್ನರ್ಧ ಗಂಟೆ.

"ಬಂತೇನೆ?"

ನಿಜ ಹೇಳಿದರೆ ಮೂವತ್ತು ವರ್ಷದ ಹಾಲು ಚೆಲ್ಲಿಹೋಗುತ್ತದೆ. ಹೇಳದಿದ್ದರೆ ಕೊನೆಯ ಸಲವೂ ಮೋಸ. ಯೋಚಿಸಲು ನನಗೆ ಮೂರು ವರ್ಷವಿತ್ತು, ಆದರೂ ನನ್ನ ಬಳಿ ಏನೂ ಇರಲಿಲ್ಲ. ಮಾವನವರ ಮೇಲೆ ಹಾರಾಡಿದ್ದ ಬಾಯಿ ಅವರದೇ ಮಾತನ್ನು ಆಡಿತು.

"ಇಲ್ಲೇ ಅತ್ತೆ."

ಅತ್ತೆ ಹಾಲಿನ ಮುಚ್ಚಳ ಕಿತ್ತು ಕಪ್ಪನ್ನು ಕಿಟಕಿಯ ಅಂಚಿಗೆ ತಾಗಿಸಿ ಇಟ್ಟರು. ಕೈ ಮುಗಿದರು. ಕೆಳಗೆ ಕಣ್ಣು ಕುಕ್ಕುವ ಬಿಳುಪು, ಅಲ್ಲಲ್ಲಿ ಕಪ್ಪು ಬಂಡೆ. ತುಂಬಾ ಹೊತ್ತು ನೋಡಿದರು.

"ನಿಮ್ಮ ಮಾವನೂ ಇಲ್ಲೇ ಅಂತಿದ್ರು," ಎಂದರು. "ಆವತ್ತು ಹಡಗಲ್ಲಿ ಸೆಖೆ ಕಣೆ. ಮಗೂಗೆ ಸ್ವೆಟರ್ ಬಿಚ್ಚಿದ್ದೆ. ಇಲ್ಲಿ ನೋಡಿದ್ರೆ ಬರೀ ಮಂಜು."

ನಾನು ಪರದೆಯಿಂದ ಅವರತ್ತ ತಿರುಗಿದೆ. "ಮತ್ತೆ ಇಷ್ಟು ವರ್ಷ..."

"ಹೂಂ ಅಂದೆ. ಕೈಯಾರೆ ಬಿಟ್ಟೋರು ಅವರು. ನಾನು ಮಲ್ಕೊಂಡಿದ್ದೆ. ಇಲ್ಲೇ ಅಂತ ಅನ್ನೋಕೆ ಅವರಿಗೂ ಒಂದು ಜಾಗ ಬೇಕಿತ್ತಲ್ಲ."

ನಾನು ಪರ್ಸಿನಿಂದ ಜೆರಾಕ್ಸು ತೆಗೆದು ಬಿಡಿಸಿ ಎಲ್ಲ ಹೇಳಿದೆ. ನಾಲ್ಕನೆಯ ದಿನ, ಐದನೆಯ ದಿನ, ಎರಡು ಮಧ್ಯಾಹ್ನ, ತಿಳಿಯಾದ ಹವೆ. ಮೂರು ವರ್ಷ ಮುಚ್ಚಿಟ್ಟದ್ದನ್ನೂ ಹೇಳಿದೆ. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ತೋರ್ಸು" ಎಂದರು. ಪರದೆಯ ಭೂಪಟದಲ್ಲಿ ವಿಮಾನದಿಂದ ಕೆಳಕ್ಕೆ, ನೀಲಿಯಲ್ಲಿ, ಎರಡು ಬೆರಳಿನಷ್ಟು ಜಾಗ ತೋರಿಸಿದೆ. ಅವರು ಉಂಗುರದ ಬೆರಳನ್ನು ಹಾಲಿಗೆ ಅದ್ದಿ ಮುಂದಕ್ಕೆ ಚಾಚುವಷ್ಟರಲ್ಲಿ ಭೂಪಟ ಹೋಗಿ, ಹೊರಗಿನ ಉಷ್ಣಾಂಶ ಎಷ್ಟು ಫ್ಯಾರನ್‌ಹೀಟ್ ಎಂಬ ಪುಟ ಬಂತು. ಆಮೇಲೆ ಎತ್ತರ. ಆಮೇಲೆ ಯಾವುದೋ ಜಾಹೀರಾತು. ಅತ್ತೆ ಬೆರಳನ್ನು ಹಾಗೇ ಹಿಡಿದು ಕಾದರು. ಹಾಲು ಬೆರಳಿನಿಂದ ಜಾರಿ ಸೀರೆಯ ಮೇಲೆ ಬಿತ್ತು. ಭೂಪಟ ಬಂದಾಗ ಮತ್ತೆ ಅದ್ದಿ ಮುಟ್ಟಿಸಿದರು. ಒಂದು ಚುಕ್ಕೆ.

ಕಸದ ಚೀಲ ಹಿಡಿದು ಗಗನಸಖಿ ನಮ್ಮ ಸಾಲಿಗೆ ಬಂದಳು. ಕಿಟಕಿಯ ಬಳಿಯ ಕಪ್ಪನ್ನು ನೋಡಿ, ನಗುತ್ತ, ಇದು ಮುಗಿಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಎಸ್, ಥ್ಯಾಂಕ್ ಯೂ" ಎಂದು ಅತ್ತೆಯೇ ಕಪ್ಪನ್ನು ಎತ್ತಿ, ಉಳಿದ ಹಾಲು ತುಳುಕದಂತೆ ಎರಡು ಕೈಯಲ್ಲಿ ಹಿಡಿದು ಕೊಟ್ಟರು.