ವಿಮಾನಕ್ಕೆ ವಿಮೆ ಮಾಡಿಸಿದವರು

ಎಪ್ಪತ್ತರ ದಶಕದಲ್ಲಿ ಬಸವನ ಬಾಗೇವಾಡಿಯಲ್ಲಿ ಒಬ್ಬ ವಯಸ್ಸಾದ ವಿಮೆ ಏಜೆಂಟರಿದ್ದರು. ಎತ್ತು, ಲಾರಿ, ಹತ್ತಿ ಗಿರಣಿಗಳಿಗೆ ವಿಮೆ ಮಾಡಿಸುತ್ತಿದ್ದರು. ಹೊಸದಾಗಿ ಪೈಲಟ್ ಲೈಸೆನ್ಸ್ ಪಡೆದಿದ್ದ ನಾನು ಸೊಲ್ಲಾಪುರದಲ್ಲಿ ಹಳೆಯದೊಂದು ಪುಟ್ಟ ವಿಮಾನ ಕೊಂಡಾಗ, ಅವರು ಇಂಡಿ ಊರಿನ ನಮ್ಮ ಮನೆಗೆ ಬಸ್ಸಿನಲ್ಲಿ ಬಂದರು. ಹಾರುವಾಗ ಅದರ ಗಾಲಿಗಳು ಹೊಟ್ಟೆಯೊಳಗೆ ಮಡಚಿಕೊಳ್ಳುತ್ತವೆ ಎಂದೆ. ಅವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ನಿಧಾನವಾಗಿ ಒರೆಸಿದರು.

"ಇಳಿಯೂ ಮುಂದ ಗಾಲಿ ಬಿಡೂದು ಮರತರ?"

"ಮರಿಯೂದಿಲ್ರಿ."

ಇಂಥ ವಿಮಾನವನ್ನು ಎಷ್ಟು ತಾಸು ಹಾರಿಸಿದ್ದೀರಿ ಎಂದು ಅರ್ಜಿಯಲ್ಲಿ ಕೇಳಿತ್ತು. ಒಂದು ತಾಸೂ ಹಾರಿಸಿರದ ನಾನು ಐವತ್ತು ಎಂದು ಬರೆದೆ. ಅವರು ಅದನ್ನು ಹರಿದು ಹೊಸ ಅರ್ಜಿ ಮುಂದಿಟ್ಟರು.

"ಇದ್ದದ್ದು ಇದ್ದಂಗ ಬರೀರಿ, ಸಾಹೇಬ್ರ."

ಎತ್ತಿನ ವಯಸ್ಸು ಕೇಳುವಾಗ ರೈತರಿಗೂ ಇದೇ ಮಾತು ಹೇಳುತ್ತಿದ್ದರು.

ಸೊನ್ನೆ ಬರೆದೆ. ತರಬೇತುದಾರರ ಜೊತೆ ಇಪ್ಪತ್ತು ತಾಸು ಹಾರಿದ ಮೇಲೆಯೇ ವಿಮೆ ಎಂದು ಕಂಪನಿಯಿಂದ ಉತ್ತರ ಬಂತು. ಸಿಟ್ಟಿನಿಂದ ಏಜೆಂಟರೊಡನೆ ಮಾತು ಬಿಟ್ಟೆ. ಒಂಬತ್ತನೆಯ ತಾಸಿನಲ್ಲಿ ನೆಲಕ್ಕೆ ಇಳಿಯುತ್ತಿದ್ದಾಗ ತರಬೇತುದಾರರು "ಗಾಲಿ!" ಎಂದು ಚೀರಿದರು. ನಾನು ಮರೆತಿದ್ದೆ.

ಇಪ್ಪತ್ತು ತಾಸು ಮುಗಿದು, ವಿಮೆಯ ಕಾಗದ ಅಂಚೆಯಲ್ಲಿ ಬಂದ ದಿನವೇ ಬಾಗೇವಾಡಿಗೆ ಹೋದೆ. ಅವರ ಮನೆಗೆ ಬೀಗ ಬಿದ್ದಿತ್ತು. ಮಗಳ ಊರಿಗೆ ಹೋಗಿಬಿಟ್ಟರೆಂದು ಪಕ್ಕದ ಮನೆಯಾಕೆ ಹೇಳಿದಳು. ಯಾವ ಊರೆಂದು ಅವಳಿಗೂ ಗೊತ್ತಿರಲಿಲ್ಲ.

"ನಿಮ್ಮ ವಿಮಾನ್ದಾಗ ಒಮ್ಮೆ ಕೂಡಬೇಕಂತ ಭಾಳ ಆಸೆ ಇತ್ರಿ ಅವರಿಗೆ. ವಿಮೆ ಆಗೂತನಕ ಕೇಳಬಾರದು, ಚಲೋ ಕಾಣಂಗಿಲ್ಲ ಅಂತಿದ್ರು."

ಆಮೇಲೆ ಎಷ್ಟೋ ವರ್ಷ, ಬಾಗೇವಾಡಿಗೆ ಹೋದಾಗಲೆಲ್ಲ ಬಸ್ಸಿಳಿಯುವ ಮುದುಕರ ಮುಖವನ್ನೆಲ್ಲ ನೋಡುತ್ತಿದ್ದೆ.