ಬೆಕ್ಕಿಗೂ ಅಷ್ಟಶೀಲ

ಲಮ್ಯೈ ತಲೆ ಬೋಳಿಸಿಕೊಂಡು, ಬಿಳಿಯುಟ್ಟು, ಪೆಚ್ಚಬುರಿ ಊರಿನ ಬೌದ್ಧ ವಿಹಾರ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಭಿಕ್ಷುಗಳ ಪಾತ್ರೆ ತೊಳೆಯುತ್ತ, ಎಂಟು ಶೀಲಗಳನ್ನು ಪಾಲಿಸಿಕೊಂಡು ಬಂದ ‘ಮೇಚಿ’, ಎಂದರೆ ಸನ್ಯಾಸಿನಿ, ಅವಳು. ನಡುಹಗಲು ದಾಟಿದರೆ ನೀರಲ್ಲದೆ ಬೇರೇನೂ ಅವಳ ಗಂಟಲಿಗಿಳಿಯುತ್ತಿರಲಿಲ್ಲ. ಊರು ಅದನ್ನು ನಂಬಿದ್ದರಿಂದಲೇ ಅವಳಿಗೊಂದು ಕೋಣೆಯಿತ್ತು. ಹೋಗಲು ಬೇರೆ ನೆಲೆಯಿರಲಿಲ್ಲ.

ಆ ನಂಬಿಕೆಗೆ ಸಂಚಕಾರ ತಂದದ್ದು ಅವಳ ಬಾಗಿಲಲ್ಲಿ ಮಲಗುತ್ತಿದ್ದ ಸೋಮ್ ಎಂಬ ಕೆಂಚು ಬೆಕ್ಕು.

“ಮಧ್ಯಾಹ್ನದ ಮೇಲೆ ಬಾಯಿಗೇನೂ ಹಾಕಲ್ಲ ಅಂತೀರಲ್ಲ ಮೇಚಿ, ಮತ್ತೆ ಇದು ಸಂಜೆ ಯಾರ ತಟ್ಟೆ ನೆಕ್ಕಿ ಈ ಪಾಟಿ ಊದಿದೆ?” ಎಂದಳು, ದಿನಾ ವಿಹಾರಕ್ಕೆ ಅನ್ನ ತರುವ ಚಲೋಮ್ ದೊಡ್ಡಮ್ಮ. “ಗುರುಗಳ ಕಿವಿಗೂ ಬಿದ್ದಿದೆ. ಭಿಕ್ಷುಗಳಿಗೆ ವಸ್ತ್ರದಾನ ಮಾಡೋ ಹಬ್ಬ ಮುಗೀಲಿ, ಈ ಕೋಣೆ ಯಾರಿಗೆ ಅಂತ ನೋಡ್ತಾರಂತೆ.”

ಪುಣ್ಯಕ್ಕೆಂದು ಮುಂಜಾನೆ ಬೆಕ್ಕಿಗೆ ಮೀನಿನ ತಲೆ ಎಸೆಯುತ್ತಿದ್ದವಳೂ ಈ ದೊಡ್ಡಮ್ಮನೇ. ಅದನ್ನು ಹೇಳುವ ಧೈರ್ಯ ಲಮ್ಯೈಗೆ ಬರಲಿಲ್ಲ.

ಬೆಕ್ಕು ಸಣ್ಣಗಾದರೆ ಮಾತು ನಿಂತೀತೆಂದು ಅದನ್ನು ಪೇಟೆಗೆ ಒಯ್ದಳು. ಅಲ್ಲಿನ ಪಶುವೈದ್ಯೆ ಬೆಕ್ಕನ್ನು ತೂಗಿದಳು. “ಆರೂವರೆ ಕೆಜಿ. ಇಳಿಸೋಣ, ಆದ್ರೆ ಎಂಟು ತಿಂಗಳಾದ್ರೂ ಬೇಕು. ದಿನಕ್ಕೆ ನಾಲ್ಕು ಸಲ, ಅಳೆದು ಹಾಕಿ. ಪೂರ್ತಿ ಉಪವಾಸ ಮಾತ್ರ ಕೆಡವಬೇಡಿ. ದಪ್ಪ ಬೆಕ್ಕು ತಿನ್ನೋದು ನಿಲ್ಸಿದ್ರೆ ಮೈಕೊಬ್ಬೆಲ್ಲ ಲಿವರಿಗೆ ನುಗ್ಗುತ್ತೆ.”

ವಸ್ತ್ರದಾನಕ್ಕೆ ಉಳಿದದ್ದು ಮೂರು ವಾರ.

ಲಮ್ಯೈ ಸೋಮ್‌ನನ್ನು ಕೋಣೆಯಲ್ಲಿ ಕೂಡಿಹಾಕಿದಳು. ಬೆಳಿಗ್ಗೆ ಹಿಡಿ ಅನ್ನ; ನಡುಹಗಲಾದರೆ ತಟ್ಟೆ ಬೋರಲು. ಬರೀ ಅನ್ನವನ್ನು ಬೆಕ್ಕು ಮೂಸಿ ಬಿಟ್ಟಿತು. ತಾನು ಹತ್ತೊಂಬತ್ತು ವರ್ಷ ತಾಳಿದ್ದನ್ನು ಇದು ಮೂರು ವಾರ ತಾಳಲಾರದೇ ಎಂದುಕೊಂಡಳು. ಆದರೆ ಶೀಲವನ್ನು ಬೆಕ್ಕು ಸ್ವೀಕರಿಸಿರಲಿಲ್ಲ. ಅದರ ಯಕೃತ್ತಂತೂ ಸ್ವೀಕರಿಸುವಂಥದ್ದಲ್ಲ.

ಹತ್ತನೆಯ ದಿನ ಅದರ ವಸಡು ಹಳದಿಗಟ್ಟಿತು. ಈಗ ಮೀನಿಟ್ಟರೂ ಮುಖ ತಿರುಗಿಸಿತು. ಪಶುವೈದ್ಯೆ ಬೈಯಲಿಲ್ಲ; ಔಷಧಿ ಕೊಟ್ಟು, ಸೂಜಿಯಿಲ್ಲದ ಸಿರಿಂಜನ್ನು ಕೈಗಿಟ್ಟಳು. “ಮೂರು ಗಂಟೆಗೊಮ್ಮೆ ಮೀನಿನ ಗಂಜಿ ಬಾಯಿಗೆ ಬಿಡಿ. ಒಂದು ಹೊತ್ತೂ ತಪ್ಪಿಸ್ಬೇಡಿ.”

ಗಂಜಿ ಬಿಡತೊಡಗಿದ ಮೂರನೆಯ ಸಂಜೆ ಸೋಮ್ ಮೊದಲ ಬಾರಿಗೆ ತಾನಾಗಿ ನಾಲಗೆ ಚಾಚಿತು. ಅಷ್ಟರಲ್ಲಿ ಹೊರಗೆ ಚಲೋಮ್ ದೊಡ್ಡಮ್ಮನ ದನಿ: “ಇಷ್ಟೊತ್ತಲ್ಲಿ ಮೀನಿನ ವಾಸನೆ ಎಲ್ಲಿಂದ?”

ಲಮ್ಯೈ ಗಂಜಿಯನ್ನು ಕಿಟಕಿಯಾಚೆ ಚೆಲ್ಲಿದಳು. ಸಿರಿಂಜನ್ನು ಬಿಳಿ ಸೆರಗಿನೊಳಗೆ ಸೇರಿಸಿದಳು. ದೊಡ್ಡಮ್ಮ ಒಳಬಂದು ಮೂಲೆಮೂಲೆ ನೋಡಿ, ಬೆಕ್ಕನ್ನೆತ್ತಿಕೊಂಡಳು.

“ಹತ್ತಿ ಥರ ಹಗುರ ಆಗಿದೆ. ನಾನೇ ತಪ್ಪು ತಿಳ್ಕೊಂಡಿದ್ದೆ ಮೇಚಿ. ನಾಳೆಯಿಂದ ದಿನಾ ಸಂಜೆ ಧ್ಯಾನಕ್ಕೆ ಇಲ್ಲೇ ಬರ್ತೀನಿ. ರಾತ್ರಿವರೆಗೂ ಕೂರೋಣ, ಆಗಬಹುದಾ?”

ಬೆಕ್ಕು ಲಮ್ಯೈಯ ಕೈಯನ್ನೇ ನೋಡುತ್ತಿತ್ತು.

“ಬನ್ನಿ,” ಎಂದಳು ಲಮ್ಯೈ.

ವಸ್ತ್ರದಾನಕ್ಕೆ ಐದು ದಿನವಿರುವಾಗ ಸೋಮ್ ಸತ್ತಿತು. ಕೋಣೆ ಅವಳಿಗೇ ಉಳಿಯಿತು.